ಕೆಂಪು ಬಿಲ್ಲೆಯ ಟೈಮರ್: ಎಡಿಎಚ್‌ಡಿ ಇರುವ ಮಕ್ಕಳ ಮನೆಯಲ್ಲಿ ಅದರ ಉಪಯೋಗವೆಷ್ಟು?

‘ಟೈಮ್ ಟೈಮರ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಈ ಸಾಧನಕ್ಕೆ ಗಡಿಯಾರದಂಥ ಮುಳ್ಳುಗಳಿಲ್ಲ. ಬಿಳಿಯ ಮುಖದ ಸುತ್ತ 0ಯಿಂದ 60ರವರೆಗೆ ನಿಮಿಷಗಳ ಗುರುತುಗಳಿದ್ದು, ನಮಗೆ ಬೇಕಾದ ಅವಧಿಗೆ ತಿರುಗಿಸಿಟ್ಟರೆ ಅಷ್ಟು ಜಾಗವನ್ನು ಕೆಂಪು ಬಿಲ್ಲೆಯೊಂದು ತುಂಬಿಕೊಳ್ಳುತ್ತದೆ. ಹೊತ್ತು ಕಳೆದಂತೆ ಆ ಕೆಂಪು ಕಿರಿದಾಗುತ್ತ ಹೋಗಿ, ಸೊನ್ನೆ ಮುಟ್ಟಿದಾಗ ಪೂರ್ತಿ ಮರೆಯಾಗುತ್ತದೆ. ಅಮೆರಿಕದ ಸಿನ್ಸಿನಾಟಿ ನಗರದ ಜ್ಯಾನ್ ರೋಜರ್ಸ್ ಎಂಬ ತಾಯಿ, ‘ಇನ್ನೆಷ್ಟು ಹೊತ್ತು?’ ಎಂದು ಪದೇ ಪದೇ ಕೇಳುತ್ತಿದ್ದ ತಮ್ಮ ಪುಟ್ಟ ಮಗಳಿಗಾಗಿ 1990ರ ದಶಕದಲ್ಲಿ ಇದನ್ನು ರೂಪಿಸಿದರು. ಇಂದು ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇರುವ ಮಕ್ಕಳೊಂದಿಗೆ ಕೆಲಸ ಮಾಡುವ ಚಿಕಿತ್ಸಕರು ಸಾಮಾನ್ಯವಾಗಿ ಸೂಚಿಸುವ ವಸ್ತುಗಳಲ್ಲಿ ಇದೂ ಒಂದು. ಐದನೆಯ ತರಗತಿಯಲ್ಲಿರುವ ನಮ್ಮ ಮಗನಿಗೆ ಮಕ್ಕಳ ಮನೋವೈದ್ಯರು ಎಡಿಎಚ್‌ಡಿ ಎಂದು ಗುರುತಿಸಿದ ಬಳಿಕ ಇದು ನಮ್ಮ ಮನೆಗೂ ಬಂತು. ಇದರದೇ ಮಾದರಿಯ ಅಗ್ಗದ ನಕಲೊಂದನ್ನು ನನ್ನ ತಂಗಿಯ ಮನೆಯಲ್ಲಿ ಬಳಸಿ ನೋಡಿದ್ದರಿಂದ, ಎರಡರ ಬಗೆಗೂ ಇಲ್ಲಿ ಬರೆಯುತ್ತಿದ್ದೇನೆ.

ಹೊತ್ತನ್ನು ಕಣ್ಣಿಗೆ ಕಾಣಿಸುವ ಸಾಧನ ಈ ಮಕ್ಕಳಿಗೇ ಏಕೆ ಬೇಕು ಎಂಬುದನ್ನು ತಿಳಿಯದೆ ಇದನ್ನು ಕೊಂಡರೆ ಆಟಿಕೆಯೊಂದು ಹೆಚ್ಚಿದಂತಾಗುತ್ತದೆ, ಅಷ್ಟೆ. ಇಷ್ಟದ ಆಟದಲ್ಲಿ ಮಗು ಗಂಟೆಗಟ್ಟಲೆ ಮುಳುಗಿರುವುದನ್ನು ಕಂಡ ಬಂಧುಗಳು ‘ಕಾಯಿಲೆಯೂ ಇಲ್ಲ, ಕಸಾಲೆಯೂ ಇಲ್ಲ, ಎಲ್ಲ ಸೋಮಾರಿತನ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಗಮನವನ್ನು ಬೇಕಾದ ಕಡೆಗೆ, ಬೇಕಾದಷ್ಟು ಹೊತ್ತು ಹಿಡಿದು ನಿಲ್ಲಿಸುವ ಹತೋಟಿಯಲ್ಲಿ ಈ ಮಕ್ಕಳಿಗೆ ತೊಂದರೆಯಿರುತ್ತದೆ; ಅದರ ಜೊತೆಜೊತೆಗೆ ಕಾಲದ ಅಂದಾಜೂ ತಪ್ಪುತ್ತದೆ. ದೀಪವೊಂದನ್ನು ಕೆಲವು ಸೆಕೆಂಡು ಉರಿಸಿ ತೋರಿಸಿ, ಅಷ್ಟೇ ಹೊತ್ತು ನೀನೂ ಉರಿಸು ಎಂದಾಗ, ಎಡಿಎಚ್‌ಡಿ ಇರುವ ಮಕ್ಕಳು ಓರಗೆಯವರಿಗಿಂತ ಹೆಚ್ಚು ತಪ್ಪುತ್ತಾರೆ ಎಂಬುದು ಇಂಥ ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ, ಮಾನಸಿಕ ತೊಂದರೆಗಳನ್ನು ಗುರುತಿಸಲು ಬಳಸುವ ಡಿಎಸ್‌ಎಂ–5 ಕೈಪಿಡಿಯಲ್ಲಿ ಎಡಿಎಚ್‌ಡಿಗೆ ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಿವೆ. ಅವುಗಳಲ್ಲಿ ಕೆಲಸಗಳನ್ನು ಅಚ್ಚುಕಟ್ಟಾಗಿ ಹೊಂದಿಸಿಕೊಳ್ಳಲಾಗದಿರುವುದನ್ನು ವಿವರಿಸುವಾಗ ಸಮಯವನ್ನು ನಿಭಾಯಿಸಲಾಗದಿರುವುದನ್ನೂ ಗಡುವು ತಪ್ಪಿಸುವುದನ್ನೂ ಹೇಳಲಾಗಿದೆ. ಈ ವಿಷಯದಲ್ಲಿ ಬಹುಕಾಲ ಕೆಲಸ ಮಾಡಿರುವ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಅವರು ಇದನ್ನು ಕಾಲದ ಕುರುಡುತನವೆಂದೇ ಕರೆದು, ಒಳಗೆ ಓಡದ ಗಡಿಯಾರವನ್ನು ಮಗುವಿನ ಕಣ್ಣೆದುರಿಗೆ ತಂದಿಡಬೇಕೆನ್ನುತ್ತಾರೆ. ‘ಇನ್ನು ಹತ್ತು ನಿಮಿಷ’ ಎಂಬ ನಮ್ಮ ಮಾತು ಅಂಥ ಮಗುವಿನ ಕಿವಿಗೆ ಬಿದ್ದರೂ ಅದರ ಅಳತೆ ಸಿಗುವುದಿಲ್ಲ. ಕೆಂಪು ಬಿಲ್ಲೆ ತೋರಿಸುವುದು ಆ ಅಳತೆಯನ್ನು.

ಇದರ ಪ್ರಯೋಜನ ನಮಗೆ ಹೆಚ್ಚಾಗಿ ಕಂಡದ್ದು ಸಂಜೆಯ ಹೋಂವರ್ಕಿನಲ್ಲಿ. ಇಡೀ ಹೋಂವರ್ಕಿಗೆ ಒಂದೇ ಸಲ ಅರ್ಧ ಗಂಟೆಯ ಟೈಮರ್ ಇಡಬೇಡಿ, ಹತ್ತು ನಿಮಿಷ ಬರೆಯಲು, ಮೂರು ನಿಮಿಷ ಎದ್ದು ಓಡಾಡಲು ಎಂದು ತುಂಡು ಮಾಡಿ ಇಡಿ ಎಂದು ನಮ್ಮ ಚಿಕಿತ್ಸಕರು ಹೇಳಿದ್ದರು. ಬಳಸುತ್ತ ಹೋದಂತೆ ತಿಳಿದದ್ದೇನೆಂದರೆ, ಬರೆಯುವ ಹತ್ತು ನಿಮಿಷಕ್ಕಿಂತ ಬಿಡುವಿನ ಮೂರು ನಿಮಿಷಕ್ಕೇ ಟೈಮರ್ ಹೆಚ್ಚು ಅಗತ್ಯ. ಏಕೆಂದರೆ ಎದ್ದುಹೋದ ಮಗುವನ್ನು ಮತ್ತೆ ಕೂರಿಸುವುದೇ ಪ್ರತಿ ಮನೆಯಲ್ಲೂ ಜಗಳದ ಮೂಲ. ಆರಂಭದ ದಿನಗಳಲ್ಲಿ ಮೇಜಿನ ಮೇಲೆ ಪುಸ್ತಕದ ಪಕ್ಕದಲ್ಲೇ ಇಟ್ಟಿದ್ದೆವು. ಒತ್ತಕ್ಷರದ ಎರಡು ಸಾಲು ಬರೆಯುವುದು, ಪೆನ್ಸಿಲಿನ ತುದಿಯನ್ನು ಕೆಂಪಿನ ಅಂಚಿಗೆ ಹಿಡಿದು ಅದು ಸರಿಯುತ್ತದೆಯೇ ಎಂದು ಉಸಿರು ಬಿಗಿಹಿಡಿದು ನೋಡುವುದು, ಮತ್ತೆ ಅರ್ಧ ಸಾಲು ಬರೆಯುವುದು ಹೀಗೆ ನಡೆಯಿತು. ಗಮನ ನಿಲ್ಲಿಸಲು ತಂದ ವಸ್ತುವೇ ಗಮನವನ್ನು ಕದಿಯುತ್ತಿತ್ತು. ಅದನ್ನು ಮೇಜಿನಿಂದ ಎತ್ತಿ, ಕತ್ತು ತಿರುಗಿಸಿದರಷ್ಟೇ ಕಾಣುವಂತೆ ಬದಿಯ ಪುಸ್ತಕದ ಕಪಾಟಿನ ಮೇಲಿಟ್ಟ ಬಳಿಕ ಸಮಸ್ಯೆ ಬಹುಮಟ್ಟಿಗೆ ತೀರಿತು. ಕೆಂಪು ಮುಗಿಯುವುದರೊಳಗೆ ಒಪ್ಪಿಕೊಂಡಷ್ಟು ಬರೆದರೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಆಗಿಂದಾಗಲೇ ಒಂದು ನಕ್ಷತ್ರ, ಆ ನಕ್ಷತ್ರಗಳಿಗೆ ಅದೇ ಸಂಜೆ ಏನಾದರೊಂದು ಮೆಚ್ಚುಗೆ, ಇಷ್ಟೂ ಸೇರಿದರೇ ಟೈಮರ್ ಕೆಲಸ ಮಾಡುತ್ತದೆ. ವಾರ್ಷಿಕ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಸೈಕಲ್ ಕೊಡಿಸುತ್ತೇವೆಂಬ ದೂರದ ಆಸೆ ಈ ಮಕ್ಕಳನ್ನು ಇಂದಿನ ಸಂಜೆ ಕುರ್ಚಿಯಲ್ಲಿ ಕೂರಿಸಲಾರದು.

ಬೆಳಗಿನ ಹೊತ್ತು ಸ್ನಾನ, ತಿಂಡಿ, ಶೂ, ಡೈರಿಗೆ ಸಹಿ ಎಂದು ಒಂದೊಂದಕ್ಕೂ ಬೇರೆ ಬೇರೆಯಾಗಿ ಟೈಮರ್ ಇಡುವ ತಾಳ್ಮೆ ದೊಡ್ಡವರಿಗಿರುವುದಿಲ್ಲ; ನಾವು ಸ್ನಾನಕ್ಕೂ ತಿಂಡಿಗೂ ಮಾತ್ರ ಇಡುತ್ತೇವೆ. ಅದರಿಂದಲೇ ಶಾಲೆಯ ವ್ಯಾನ್ ತಪ್ಪುವುದು ಕಡಿಮೆಯಾಗಿದೆ. ಮಗನಲ್ಲಿ ಏನು ಬದಲಾಗಿದೆಯೋ ಹೇಳಲಾರೆ, ಆದರೆ ‘ಬೇಗ ಬೇಗ ಅನ್ನೋ ನಿನ್ನ ಕೂಗು ನಿಂತಿತಲ್ಲ, ಅದೇ ಪುಣ್ಯ’ ಎಂದು ನಮ್ಮ ಅತ್ತೆಯವರು ಹೇಳಿದ್ದು ನಿಜ.

ಇನ್ನು ಕುಂದುಗಳು. ಅಂಕಿಗಳ ಜೋಡಣೆ ನಮ್ಮ ಗೋಡೆ ಗಡಿಯಾರಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿದೆ. ಗಡಿಯಾರದಲ್ಲಿ ಒಂಬತ್ತು ಇರುವ ಜಾಗದಲ್ಲಿ ಇಲ್ಲಿ 15 ಇರುತ್ತದೆ, ಮೂರು ಇರುವ ಜಾಗದಲ್ಲಿ 45. ಬಿಲ್ಲೆ ಸರಿಯುವ ದಿಕ್ಕು ಮುಳ್ಳಿನಂತೆಯೇ ಇರಲೆಂದು ಹೀಗೆ ಮಾಡಿದ್ದಾರೆ, ಸರಿ. ಆದರೆ ಗಡಿಯಾರ ನೋಡುವುದನ್ನು ಇನ್ನೂ ಕಲಿಯುತ್ತಿರುವ ಮಗುವಿಗೆ ಇದು ಗೊಂದಲ ತರುತ್ತದೆ. ಏಳೂ ಮುಕ್ಕಾಲನ್ನು ನಮ್ಮವನು ಏಳೂಕಾಲು ಎಂದು ಓದಿ ನಿಶ್ಚಿಂತೆಯಿಂದ ಕುಳಿತದ್ದುಂಟು. ಮೂಲ ಟೈಮರಿನ ಕೊನೆಯ ಸದ್ದನ್ನು ಬೇಡವೆಂದರೆ ನಿಲ್ಲಿಸಬಹುದು, ಓಡುವಾಗಲೂ ಅದು ಸದ್ದು ಮಾಡುವುದಿಲ್ಲ. ತಂಗಿಯ ಮನೆಯ ನಕಲು ಕೀಲಿ ಕೊಟ್ಟು ತಿರುಗಿಸುವಂಥದ್ದು. ಅದರ ಟಿಕ್ ಟಿಕ್ ಪಕ್ಕದ ಕೋಣೆಗೂ ಕೇಳುತ್ತದೆ, ಸಣ್ಣ ಸದ್ದಿಗೂ ತಲೆಯೆತ್ತುವ ಮಗುವಿನ ಮುಂದೆ ಅಂಥದ್ದನ್ನು ಇಡುವುದೇ ತಪ್ಪು. ಐದು ನಿಮಿಷಕ್ಕಿಂತ ಕಡಿಮೆ ಅವಧಿಗೆ ಇಟ್ಟರೆ ಕೆಂಪು ಇನ್ನೂ ಉಳಿದಿರುವಾಗಲೇ ಗಂಟೆ ಬಾರಿಸುತ್ತದೆ. ಕಣ್ಣಿಗೆ ಕಂಡದ್ದೇ ಸುಳ್ಳಾದ ಮೇಲೆ ಮಗು ಅದನ್ನು ನಂಬುವುದನ್ನು ಬಿಟ್ಟಿತು.

ಟೈಮರ್ ತಂದಮೇಲೆ ಮಾತ್ರೆ ಏಕೆ ಎಂದು ಕೇಳುವವರು ನಮ್ಮ ಬಳಗದಲ್ಲಿಯೇ ಇದ್ದಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿಯ ಪ್ರಕಾರ, ಆರು ವರ್ಷ ತುಂಬದ ಮಕ್ಕಳ ವಿಷಯದಲ್ಲಿ ಮೊದಲು ಕೊಡಬೇಕಾದದ್ದು, ಮಗುವಿನ ವರ್ತನೆಯನ್ನು ನಿಭಾಯಿಸಲು ಪೋಷಕರಿಗೆ ತರಬೇತಿ. ಆರು ದಾಟಿದವರಿಗೆ ಔಷಧಿಯೂ ವರ್ತನೆಯ ಚಿಕಿತ್ಸೆಯೂ ಜೊತೆಯಾಗಿ. 1999ರಲ್ಲಿ ಪ್ರಕಟವಾದ, 579 ಮಕ್ಕಳನ್ನು 14 ತಿಂಗಳು ಗಮನಿಸಿದ ಎಂಟಿಎ ಅಧ್ಯಯನದಲ್ಲಿ, ಎಡಿಎಚ್‌ಡಿಯ ಮುಖ್ಯ ಲಕ್ಷಣಗಳನ್ನು ತಗ್ಗಿಸುವಲ್ಲಿ ಎಚ್ಚರದಿಂದ ಹೊಂದಿಸಿ ಕೊಟ್ಟ ಔಷಧಿಯು ಕೇವಲ ವರ್ತನೆಯ ಚಿಕಿತ್ಸೆಗಿಂತ ಮೇಲೆಂದು ಕಂಡಿತು. ಹೀಗಿರುವಾಗ ಪ್ಲಾಸ್ಟಿಕ್ ಬಿಲ್ಲೆಯೊಂದು ಔಷಧಿಯ ಜಾಗಕ್ಕೆ ಬರುವ ಮಾತೇ ಇಲ್ಲ. ಆದರೆ ಮೀಥೈಲ್‌ಫೆನಿಡೇಟ್ ಎಂಬ ಸಾಮಾನ್ಯ ಔಷಧಿಯ ಅಲ್ಪಾವಧಿಯ ಮಾತ್ರೆ ಸುಮಾರು ನಾಲ್ಕು ಗಂಟೆ, ದೀರ್ಘಾವಧಿಯದು ಎಂಟರಿಂದ ಹನ್ನೆರಡು ಗಂಟೆ ಮಾತ್ರ ಕೆಲಸ ಮಾಡುತ್ತದೆ. ಬೆಳಗಿನ ಮಾತ್ರೆ ಹತ್ತುವ ಮುನ್ನ ಸ್ನಾನ ತಿಂಡಿಯ ಹೊತ್ತಿನಲ್ಲೂ, ಅದರ ಪ್ರಭಾವ ಇಳಿಯುವ ಸಂಜೆಯಲ್ಲೂ ಮನೆಯವರಿಗೆ ಬೇರೆ ಆಸರೆ ಬೇಕಾಗುತ್ತದೆ. ಟೈಮರ್ ತನ್ನ ಬೆಲೆಯನ್ನು ತೀರಿಸುವುದು ಆ ಎರಡು ಹೊತ್ತಿನಲ್ಲಿ.

ಹದಿಹರೆಯದವರಿಗೆ ಇದನ್ನು ಸೂಚಿಸಲು ನನಗೆ ಮನಸ್ಸಿಲ್ಲ. ಒಂಬತ್ತನೆಯ ತರಗತಿಯ ನಮ್ಮ ಅಕ್ಕನ ಮಗಳು ಇದನ್ನು ಕಂಡು ‘ಚಿಕ್ಕಮ್ಮ, ಇದು ಯುಕೆಜಿಯವರಿಗೆ’ ಎಂದು ನಕ್ಕಳು. ಅವಳಿಗಿರುವುದು ಕುಣಿದಾಟವಿಲ್ಲದ, ಗಮನದ ಕೊರತೆಯೊಂದೇ ಮುಖ್ಯವಾದ ಬಗೆ. ಗಲಾಟೆ ಮಾಡದ ಇಂಥ ಹೆಣ್ಣುಮಕ್ಕಳು ಶಿಕ್ಷಕರ ಕಣ್ಣಿಗೆ ಬೀಳುವುದೇ ತಡವಾಗಿ. ಎಸ್‌ಎಸ್‌ಎಲ್‌ಸಿಯಲ್ಲಿ ಹಲವು ವಿಷಯಗಳ ಪರೀಕ್ಷೆಯ ಅವಧಿ ಪ್ರಶ್ನೆಪತ್ರಿಕೆ ಓದುವ 15 ನಿಮಿಷವೂ ಸೇರಿ 3 ಗಂಟೆ 15 ನಿಮಿಷ. ಅದರ ಅಭ್ಯಾಸಕ್ಕೆ 60 ನಿಮಿಷದ ಬಿಲ್ಲೆ ಸಾಲದು. 120 ನಿಮಿಷದ ಮಾದರಿಯಿದ್ದರೂ, ಈ ವಯಸ್ಸಿನಲ್ಲಿ ಮಣಿಕಟ್ಟಿನಲ್ಲಿ ಮೆಲ್ಲಗೆ ಕಂಪಿಸಿ ಎಚ್ಚರಿಸುವ ವಾಚು ಒಳ್ಳೆಯದು. ಇದೇ ಕೆಲಸ ಮಾಡುವ ಮೊಬೈಲ್ ಆ್ಯಪ್‌ಗಳೂ ಇವೆ, ಆದರೆ ಓದುವ ಮಗುವಿನ ಕೈಗೆ ಮೊಬೈಲ್ ಕೊಟ್ಟು ಗಮನ ನಿಲ್ಲಲಿ ಎಂದು ಬಯಸುವುದು ದೊಡ್ಡವರ ಭ್ರಮೆ.

ಬೆಲೆಯ ಬಗ್ಗೆ ಹೇಳುವುದಾದರೆ, ಮೂಲ ಟೈಮರಿಗೆ ಕೆಲವು ಸಾವಿರ ರೂಪಾಯಿ, ನಕಲುಗಳಿಗೆ ಕೆಲವು ನೂರು. ಮಿಡ್‌ಬ್ರೈನ್ ಆ್ಯಕ್ಟಿವೇಶನ್ ಎಂದು ಕಣ್ಣಿಗೆ ಪಟ್ಟಿ ಕಟ್ಟಿ ಓದಿಸುವ ಶಿಬಿರಗಳ ಮೋಸವನ್ನು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಬಯಲಿಗೆಳೆದ ಮೇಲೂ ಅವುಗಳಿಗೆ ದುಡ್ಡು ಸುರಿಯುವ ಪೋಷಕರಿದ್ದಾರೆ. ಅದಕ್ಕೆ ಹೋಲಿಸಿದರೆ ಇದು ಪ್ರಾಮಾಣಿಕ ವಸ್ತು. ಹಾಗೆಂದು ಪರೀಕ್ಷೆ ಮಾಡಿಸುವ ಮೊದಲೇ ಇದನ್ನು ಕೊಳ್ಳಬೇಡಿ. ಎಡಿಎಚ್‌ಡಿ ಇರುವ ಹಲವು ಮಕ್ಕಳಿಗೆ ಕಲಿಕೆಯ ನ್ಯೂನತೆಯೂ ಜೊತೆಗಿರುತ್ತದೆ. ಅಕ್ಷರ ಕೂಡಿಸಿ ಓದಲು ಒದ್ದಾಡುವ ಮಗುವಿಗೂ, ಸ್ವಭಾವತಃ ಗಾಬರಿಯಾಗುವ ಮಗುವಿಗೂ ಕುಗ್ಗುತ್ತಿರುವ ಕೆಂಪು ಹೆದರಿಕೆಯನ್ನೇ ಹೆಚ್ಚಿಸುತ್ತದೆ. ಹತ್ತಿರದಲ್ಲಿ ತಜ್ಞರಿಲ್ಲದ ಊರಿನವರು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಎಲ್ಲಿಗೆ ಹೋಗಬೇಕೆಂದು ಕನ್ನಡದಲ್ಲೇ ಉಚಿತವಾಗಿ ಕೇಳಿ ತಿಳಿಯಬಹುದು.

ಅಗ್ಗದ ನಕಲನ್ನೇ ಕೊಳ್ಳುವುದಾದರೆ ಕೀಲಿಯದನ್ನು ಬಿಟ್ಟು ಬ್ಯಾಟರಿಯದನ್ನು ಆರಿಸಿ, ಸದ್ದು ನಿಲ್ಲಿಸುವ ಸ್ವಿಚ್ ಇದೆಯೇ ಎಂದು ನೋಡಿ. ತಂದ ದಿನವೇ ಮೂರು ನಿಮಿಷಕ್ಕೂ ಹತ್ತು ನಿಮಿಷಕ್ಕೂ ಇಟ್ಟು ಮೊಬೈಲಿನ ಸ್ಟಾಪ್‌ವಾಚಿನೊಂದಿಗೆ ತಾಳೆ ನೋಡಿ; ಅರ್ಧ ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಮಗುವಿನ ಕೈಗೆ ಕೊಡದೆ, ವಾಪಸಾತಿಯ ಗಡುವು ಮುಗಿಯುವ ಮೊದಲೇ ಹಿಂದಿರುಗಿಸಿ.