ರಜೆಯ ಮೊದಲ ಸಂಬಳಕ್ಕೆ ಯಾವ ಖಾತೆ? ಎಸ್‌ಬಿಐ ‘ಪೆಹಲಿ ಉಡಾನ್’ ಮತ್ತು ಅಂಚೆ ಉಳಿತಾಯ ಖಾತೆ

ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಶುರುವಾಯಿತೆಂದರೆ ಎಸ್ಸೆಸ್ಸೆಲ್ಸಿ ಬರೆದವರು, ಪಿಯುಸಿ ಮುಗಿಸಿದವರು ಪುಸ್ತಕದಂಗಡಿ, ಜೆರಾಕ್ಸ್ ಅಂಗಡಿ, ಬಟ್ಟೆ ಅಂಗಡಿ, ಮಾವಿನಹಣ್ಣಿನ ಮಳಿಗೆಗಳಲ್ಲಿ ಕೆಲಸಕ್ಕೆ ನಿಲ್ಲುತ್ತಾರೆ. ತಿಂಗಳಾದ ಮೇಲೆ ಸಂಬಳ ಬರುವ ದಾರಿ ಹೆಚ್ಚಿನ ಮನೆಗಳಲ್ಲಿ ಒಂದೇ: ಮಾಲೀಕರು ಅಪ್ಪನ ಅಥವಾ ಅಮ್ಮನ ಮೊಬೈಲಿಗೆ ಹಾಕುತ್ತಾರೆ. ಅಲ್ಲಿಂದ ಅದು ಗ್ಯಾಸ್ ಸಿಲಿಂಡರಿಗೋ ಕಿರಾಣಿ ಬಾಕಿಗೋ ಸೇರಿಹೋಗುತ್ತದೆ. ಯಾರೂ ಕಸಿದುಕೊಂಡದ್ದಲ್ಲ, ಆದರೆ ದುಡಿದವರಿಗೆ ತಮ್ಮ ದುಡ್ಡು ಕಣ್ಣಿಗೇ ಬೀಳುವುದಿಲ್ಲ. ಮೊದಲ ಸಂಬಳ ಮಕ್ಕಳದೇ ಹೆಸರಿನ, ಮಕ್ಕಳೇ ಸಹಿ ಹಾಕುವ ಖಾತೆಗೆ ಬೀಳಬೇಕು. ಅದಕ್ಕೆ ಇರುವ ಎರಡು ಒಳ್ಳೆಯ ದಾರಿಗಳನ್ನು ಇಲ್ಲಿ ನೋಡೋಣ.

ಖಾತೆಗಿಂತ ಮೊದಲು ಕೆಲಸದ ಮಾತು. 14 ವರ್ಷ ತುಂಬದವರನ್ನು ಹೊರಗಿನವರು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಮನೆಯವರದೇ ಅಂಗಡಿ ಇದ್ದರೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಕೈಜೋಡಿಸಬಹುದು, ಅಷ್ಟೇ. 14ರಿಂದ 18ರ ನಡುವಿನವರಿಗೆ ಗಣಿ, ಪಟಾಕಿ ಮತ್ತು ಸ್ಫೋಟಕ, ಬೇಗ ಹೊತ್ತಿಕೊಳ್ಳುವ ವಸ್ತುಗಳ ಕೆಲಸ ನಿಷಿದ್ಧ. ಪೆಟ್ರೋಲ್ ಬಂಕ್ ಕೂಡ ಬೇಡ ಎಂದೇ ನಿರ್ಧರಿಸಿ. ಸತತ 3 ಗಂಟೆ ಕೆಲಸವಾದರೆ ಕನಿಷ್ಠ 1 ಗಂಟೆ ಬಿಡುವು ಕೊಡಬೇಕು. ಬಿಡುವೂ ಸೇರಿ ದಿನಕ್ಕೆ 6 ಗಂಟೆ ಮೀರಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ, ಓಟಿ ಇಲ್ಲ, ವಾರಕ್ಕೊಂದು ಪೂರ್ತಿ ರಜೆ ಇರಲೇಬೇಕು. ಮದುವೆ ಸೀಸನ್ನಿನಲ್ಲಿ ರಾತ್ರಿ ರಿಸೆಪ್ಷನ್ ಊಟ ಬಡಿಸಲು ಹುಡುಗರನ್ನು ಕರೆಯುವ ಅಡುಗೆ ಕಂಟ್ರಾಕ್ಟರುಗಳು ಬಹಳ. ಆ ಕೆಲಸ ಈ ನಿಯಮಕ್ಕೆ ವಿರುದ್ಧ. ಸಂಬಳ ಎಷ್ಟು ಎಂದು ಕೇಳುವ ಮೊದಲು ಸಮಯ ಯಾವುದು ಎಂದು ಕೇಳಿ.

ಇನ್ನು ಖಾತೆ. 10 ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು. 2025ರ ಏಪ್ರಿಲ್ 21ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಮತ್ತೆ ಸ್ಪಷ್ಟಪಡಿಸಿದೆ. ಎಷ್ಟು ಮಿತಿ, ಯಾವ ಸೌಲಭ್ಯ ಎನ್ನುವುದನ್ನು ಆಯಾ ಬ್ಯಾಂಕಿಗೆ ಬಿಟ್ಟಿದೆ. ಹಾಗಾಗಿ ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ಉತ್ತರ ಸಿಗುತ್ತದೆ. ‘ಮೈನರ್‌ಗೆ ಅಪ್ಪನ ಜೊತೆ ಜಾಯಿಂಟ್ ಅಕೌಂಟೇ ಆಗಬೇಕು’ ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ, ಮಗುವಿನ ಒಂಟಿ ಹೆಸರಿನ ಖಾತೆಯೇ ಬೇಕು ಎಂದು ಯೋಜನೆಯ ಹೆಸರು ಹಿಡಿದು ಕೇಳಿ.

ಎಸ್‌ಬಿಐನಲ್ಲಿ ಆ ಹೆಸರು ‘ಪೆಹಲಿ ಉಡಾನ್’. ಇದರ ಜೊತೆಯದೇ ‘ಪೆಹಲಾ ಕದಮ್’. ಎರಡನೆಯದು ಯಾವ ವಯಸ್ಸಿನ ಮಗುವಿಗೂ ಆಗುತ್ತದೆ, ಆದರೆ ತಂದೆ ಅಥವಾ ತಾಯಿಯ ಜೊತೆ ಸೇರಿಯೇ ತೆರೆಯಬೇಕು. ಸಂಬಳಕ್ಕೆ ಬೇಕಾದದ್ದು ಮೊದಲನೆಯದು: 10 ವರ್ಷ ಮೇಲ್ಪಟ್ಟು, ಪ್ರತಿಸಲವೂ ಒಂದೇ ರೀತಿ ಸಹಿ ಹಾಕಬಲ್ಲ ಮಗುವಿನ ಒಂಟಿ ಹೆಸರಿಗೆ ಆಗುವ ಖಾತೆ. ಕನಿಷ್ಠ ಮೊತ್ತ ಇಡಬೇಕೆಂಬ ಕಟ್ಟುಪಾಡಿಲ್ಲ. ಖಾತೆಯಲ್ಲಿ ಇರಬಹುದಾದ ಗರಿಷ್ಠ ಮೊತ್ತ ₹10 ಲಕ್ಷ. ಮಗುವಿನ ಫೋಟೋ ಇರುವ ಎಟಿಎಂ ಕಾರ್ಡ್, ಅದರಲ್ಲಿ ₹5,000 ಮಿತಿ. ಮೊಬೈಲ್ ಬ್ಯಾಂಕಿಂಗಿನಲ್ಲಿ ದಿನಕ್ಕೆ ₹2,000. ಕೇಳಿದರೆ 10 ಹಾಳೆಯ ಚೆಕ್ ಪುಸ್ತಕವೂ ಉಂಟು.

ಈ ಸಣ್ಣ ಮಿತಿಗಳೇ ಈ ಖಾತೆಯ ದೊಡ್ಡ ಗುಣ. ಕಾರ್ಡ್ ಕಳೆದರೂ, ಪಿನ್ ಗೆಳೆಯನ ಕಿವಿಗೆ ಬಿದ್ದರೂ, ಆಟದ ಆ್ಯಪ್‌ನಲ್ಲಿ ಕೈ ಜಾರಿದರೂ ಒಂದೇ ದಿನದಲ್ಲಿ ಇಡೀ ಸಂಬಳ ಖಾಲಿಯಾಗುವುದು ಕಷ್ಟ. ಕೊರತೆಯೂ ಇದೆ. ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಕೊಡುವ ಅಭ್ಯಾಸ ಇಂದಿನ ಮಕ್ಕಳದ್ದು. ಅಪ್ರಾಪ್ತರ ಖಾತೆಗೆ ಯುಪಿಐ ಸಿಕ್ಕೇ ಸಿಗುತ್ತದೆ ಎಂದು ನಂಬಿಕೊಂಡು ಹೋಗಬೇಡಿ, ಫಾರಂ ಕೊಡುವಾಗಲೇ ಕೇಳಿ ತಿಳಿದುಕೊಳ್ಳಿ. ಸಿಗದಿದ್ದರೆ ‘ಯುಪಿಐ ಸರ್ಕಲ್’ ಇದೆ. ಪೋಷಕರ ಖಾತೆಯಿಂದಲೇ ಮಗು ತನ್ನ ಮೊಬೈಲಿನಲ್ಲಿ ಪಾವತಿ ಮಾಡುವ ವ್ಯವಸ್ಥೆ ಅದು. ಪೂರ್ಣ ಅಧಿಕಾರ ಕೊಟ್ಟರೆ ತಿಂಗಳಿಗೆ ಗರಿಷ್ಠ ₹15,000, ಒಂದು ಸಲಕ್ಕೆ ₹5,000. ಭಾಗಶಃ ಕೊಟ್ಟರೆ ಪ್ರತಿ ಪಾವತಿಗೂ ಪೋಷಕರೇ ಪಿನ್ ಒತ್ತಬೇಕು. ಹತ್ತನೇ ತರಗತಿಯವರಿಗೆ ಭಾಗಶಃ ಸಾಕು. ಆದರೆ ಇದರಲ್ಲಿ ಹೋಗುವುದು ಪೋಷಕರ ದುಡ್ಡು, ಮಗುವಿನದಲ್ಲ ಎನ್ನುವುದನ್ನು ಮರೆಯಬಾರದು. ಸಂಬಳದ ಖಾತೆಗೆ ಇದು ಬದಲಿಯಾಗುವುದಿಲ್ಲ.

ಖಾತೆ ತೆರೆಯಲು ಹೋದವರು ಎರಡನೇ ಸಲ ಶಾಖೆಗೆ ಅಲೆಯುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ.

ಒಂದು, ಇನಿಷಿಯಲ್. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ‘ಬಿ. ಎಸ್.’ ಎಂದಿರುತ್ತದೆ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಇರುತ್ತದೆ, ಜನನ ಪ್ರಮಾಣಪತ್ರದಲ್ಲಿ ಬರೀ ಮಗುವಿನ ಹೆಸರು. ಮೂರೂ ಒಬ್ಬರದೇ ಎಂದು ಮನೆಯವರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಖಾತೆಯ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಅಕ್ಷರಕ್ಕೆ ಅಕ್ಷರ ಇರಲಿ. ಮುಂದೆ ಕಾಲೇಜಿನ ದಾಖಲೆಗೆ ಅಂಕಪಟ್ಟಿಯ ಹೆಸರೇ ನಡೆಯುವುದರಿಂದ, ವ್ಯತ್ಯಾಸ ದೊಡ್ಡದಿದ್ದರೆ ಮೊದಲು ಆಧಾರ್ ತಿದ್ದಿಸಿ, ಆಮೇಲೆ ಖಾತೆ ತೆರೆಯಿರಿ.

ಎರಡು, ಬೆರಳಚ್ಚು. ಆಧಾರ್‌ನಲ್ಲಿ 5ನೇ ವರ್ಷಕ್ಕೊಮ್ಮೆ, 15ನೇ ವರ್ಷಕ್ಕೊಮ್ಮೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಎಷ್ಟೋ ಮನೆಗಳಲ್ಲಿ ಎರಡನೆಯದು ಮರೆತೇಹೋಗಿರುತ್ತದೆ. ಬೆಳೆದ ಹುಡುಗಿಯ ಬೆರಳು ಒಂದನೇ ತರಗತಿಯಲ್ಲಿ ಕೊಟ್ಟ ಗುರುತಿಗೆ ಹೊಂದದೆ ಯಂತ್ರ ಮತ್ತೆ ಮತ್ತೆ ತಿರಸ್ಕರಿಸುತ್ತದೆ. 15 ತುಂಬಿದವರು 17ರೊಳಗೆ ಮಾಡಿಸಿದರೆ ಇದಕ್ಕೆ ಶುಲ್ಕವಿಲ್ಲ. ಬದಲಾವಣೆ ದಾಖಲಾಗಲು ಸಮಯ ಹಿಡಿಯುವುದರಿಂದ ಮಾರ್ಚ್‌ನಲ್ಲೇ ಈ ಕೆಲಸ ಮುಗಿಸಿಟ್ಟರೆ ಮೇ ಸಂಬಳಕ್ಕೆ ತೊಂದರೆಯಾಗದು.

ಮೂರು, ಸಹಿ. ಅಂಕಪಟ್ಟಿಗೆ ಕನ್ನಡದಲ್ಲಿ, ಫಾರಂಗೆ ಇಂಗ್ಲಿಷಿನಲ್ಲಿ, ಪಾಸ್‌ಬುಕ್ ತರುವಾಗ ಇನ್ನೊಂದು ಬಗೆ. ಹದಿನೈದು ಹದಿನಾರರಲ್ಲಿ ಸಹಿ ಇನ್ನೂ ಕೈಗೆ ಕೂತಿರುವುದಿಲ್ಲ. ಕನ್ನಡ ಸಹಿಗೆ ಯಾವ ಅಡ್ಡಿಯೂ ಇಲ್ಲ, ಅದೇ ಒಳ್ಳೆಯದು, ಏಕೆಂದರೆ ಮಕ್ಕಳು ಅದನ್ನು ಶಾಲೆಯಿಂದಲೇ ಬರೆದು ಪಳಗಿರುತ್ತಾರೆ. ಸುತ್ತು ಬಳ್ಳಿ ಇಲ್ಲದ, ಪೂರ್ತಿ ಹೆಸರಿನ ಸಹಿ ಇರಲಿ. ಹೋಗುವ ಮೊದಲು ಒಂದು ಹಾಳೆಯ ತುಂಬ ಬರೆಸಿ, ಆ ಹಾಳೆಯನ್ನು ಪಾಸ್‌ಬುಕ್ ಜೊತೆಗೇ ಮನೆಯಲ್ಲಿ ಇಟ್ಟುಬಿಡಿ.

ಒಯ್ಯಬೇಕಾದ ಕಾಗದ: ಮಗುವಿನ ಆಧಾರ್, ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪೋಷಕರ ಆಧಾರ್ ಮತ್ತು ಪ್ಯಾನ್, ಪಾಸ್‌ಪೋರ್ಟ್ ಅಳತೆಯ ಫೋಟೋ. ಎಲ್ಲದರ ಮೂಲಪ್ರತಿಯೂ ಜೊತೆಗಿರಲಿ. ಮೊಬೈಲ್ ಸಂಖ್ಯೆ ಯಾರದು ಕೊಡುವುದು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ. ಅಪ್ಪನ ಸಂಖ್ಯೆ ಕೊಟ್ಟರೆ ಒಟಿಪಿ ಅಪ್ಪನ ಜೇಬಿಗೆ ಬರುತ್ತದೆ, ಮಗಳು ಎಟಿಎಂ ಮುಂದೆ ಕಾಯುತ್ತಾಳೆ. ಮಗುವಿನ ಹತ್ತಿರ ಸ್ವಂತ ಸಿಮ್ ಇಲ್ಲವೆಂದಾದರೆ ಹೆಚ್ಚು ಹೊತ್ತು ಮನೆಯಲ್ಲಿರುವವರ ಸಂಖ್ಯೆ ವಾಸಿ.

ಅದೇ ಫಾರಂನಲ್ಲಿ ಒಂದು ಸಣ್ಣ ಚೌಕವಿದೆ, ಅದನ್ನು ಓದದೆ ಟಿಕ್ ಮಾಡಬೇಡಿ. ಸರ್ಕಾರದ ನೇರ ನಗದು ವರ್ಗಾವಣೆಗಾಗಿ ಆಧಾರ್ ಅನ್ನು ಈ ಖಾತೆಗೆ ಜೋಡಿಸಲು ಒಪ್ಪಿಗೆ ಕೇಳುವ ಚೌಕ ಅದು. ಆಧಾರ್ ಮೂಲಕ ಬರುವ ಹಣ ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೇ ಹೋಗುತ್ತದೆ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ ಮಗುವಿಗೆ ಹಳೆಯ ಖಾತೆಯಲ್ಲಿ ಸ್ಕಾಲರ್‌ಶಿಪ್ ಬರುತ್ತಿದ್ದರೆ, ಈ ಒಂದು ಟಿಕ್‌ನಿಂದ ಅದು ಸದ್ದಿಲ್ಲದೆ ಹೊಸ ಖಾತೆಗೆ ತಿರುಗುತ್ತದೆ. ಹಳೆಯ ಪಾಸ್‌ಬುಕ್ಕನ್ನೇ ನೋಡುತ್ತ ಕುಳಿತವರು ಹಣ ಬಂದಿಲ್ಲವೆಂದು ಕಚೇರಿ ಕಚೇರಿ ಸುತ್ತುತ್ತಾರೆ. ಬದಲಾಯಿಸುವ ಮನಸ್ಸಿದ್ದರೆ ಟಿಕ್ ಮಾಡಿ, ಇಲ್ಲದಿದ್ದರೆ ಖಾಲಿ ಬಿಡಿ.

ಅಂಚೆ ಕಚೇರಿಯ ಉಳಿತಾಯ ಖಾತೆಯೂ 10 ವರ್ಷ ಮೇಲ್ಪಟ್ಟವರಿಗೆ ಅವರದೇ ಹೆಸರಿನಲ್ಲಿ ಆಗುತ್ತದೆ. ತೆರೆಯಲು ₹500, ಆ ₹500 ಸದಾ ಇರಬೇಕು. ಬಡ್ಡಿ ವರ್ಷಕ್ಕೆ 4%. ಎಸ್‌ಬಿಐನ ಉಳಿತಾಯ ಬಡ್ಡಿ 2025ರ ಜೂನ್‌ನಿಂದ 2.5%. ಬಡ್ಡಿ ನೋಡಿಯೇ ಅಂಚೆ ಮೇಲು ಎನ್ನುವವರು ಲೆಕ್ಕ ಹಾಕಿ ನೋಡಲಿ: ₹6,000 ವರ್ಷಪೂರ್ತಿ ಇಟ್ಟರೆ ಅಲ್ಲಿ ₹240, ಇಲ್ಲಿ ₹150. ವ್ಯತ್ಯಾಸ ₹90. ರಜೆಯ ಸಂಬಳದ ಮಟ್ಟಿಗೆ ಬಡ್ಡಿ ನಿರ್ಣಾಯಕವಲ್ಲ.

ಬಡ್ಡಿ ಲೆಕ್ಕ ಹಾಕುವ ರೀತಿಯೂ ಬೇರೆ. ಬ್ಯಾಂಕಿನಲ್ಲಿ ಪ್ರತಿದಿನದ ಮೊತ್ತಕ್ಕೆ ಬಡ್ಡಿ ಬೀಳುತ್ತದೆ. ಅಂಚೆಯಲ್ಲಿ 10ನೇ ತಾರೀಕಿನಿಂದ ತಿಂಗಳ ಕೊನೆಯವರೆಗೆ ಇದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ. ಮೇ 12ಕ್ಕೆ ಹಾಕಿದ ಸಂಬಳಕ್ಕೆ ಮೇ ತಿಂಗಳ ಬಡ್ಡಿ ಇಲ್ಲ. ಮೇ 30ಕ್ಕೆ ತೆಗೆದರೂ ಆ ಮೊತ್ತಕ್ಕೆ ಇಡೀ ಮೇ ತಿಂಗಳ ಬಡ್ಡಿ ಹೋಯಿತು. 10ರೊಳಗೆ ಹಾಕಿ, ತೆಗೆಯುವುದಿದ್ದರೆ ಮುಂದಿನ ತಿಂಗಳ 1ಕ್ಕೆ ತೆಗೆಯಿರಿ. ಮಾರ್ಚ್ 31ಕ್ಕೆ ₹500ಕ್ಕಿಂತ ಕಡಿಮೆ ಇದ್ದರೆ ₹50 ಕಡಿತವಾಗುತ್ತದೆ, ಕಡಿದು ಕಡಿದು ಸೊನ್ನೆಯಾದರೆ ಖಾತೆಯೇ ಮುಚ್ಚಿಹೋಗುತ್ತದೆ. ಮೂರು ಹಣಕಾಸು ವರ್ಷ ಹಾಕದೆ ತೆಗೆಯದೆ ಬಿಟ್ಟರೆ ಖಾತೆ ನಿಷ್ಕ್ರಿಯ. ಮತ್ತೆ ಚಾಲೂ ಮಾಡಲು ಅರ್ಜಿ, ಗುರುತಿನ ದಾಖಲೆ, ಪಾಸ್‌ಬುಕ್ ಎಲ್ಲ ಬೇಕು.

ಮಾಲೀಕರು ಅಂಚೆ ಖಾತೆಗೂ ನೆಫ್ಟ್ (ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹಣ ಕಳಿಸುವ ವ್ಯವಸ್ಥೆ) ಮೂಲಕ ಸಂಬಳ ಹಾಕಬಹುದು, 2022ರಿಂದ ಈ ಅನುಕೂಲವಿದೆ. ದೇಶದ ಎಲ್ಲ ಅಂಚೆ ಉಳಿತಾಯ ಖಾತೆಗಳಿಗೂ ಒಂದೇ ಐಎಫ್‌ಎಸ್‌ಸಿ, ಅಂದರೆ ಹಣ ಎಲ್ಲಿಗೆ ಹೋಗಬೇಕೆಂದು ಗುರುತಿಸುವ ಕೋಡ್: IPOS0000DOP. ನಡುವಿನ ನಾಲ್ಕು ಸೊನ್ನೆಗಳು ಅಂಕಿಗಳು, IPOS ಮತ್ತು DOP ಒಳಗಿರುವುದು ‘ಒ’ (O) ಅಕ್ಷರ. ತಪ್ಪುವುದು ಇಲ್ಲೇ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಬೇರೆ ಸಂಸ್ಥೆ, ಅದರ ಕೋಡ್ ಇಲ್ಲಿ ನಡೆಯದು. ಮಾಲೀಕರಿಗೆ ಬಾಯಲ್ಲಿ ಹೇಳದೆ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಮತ್ತು ಬರೆದ ಕೋಡ್ ಕಳಿಸಿ.

ನಮ್ಮ ಆಯ್ಕೆ: ಸಂಬಳ ಬೀಳುವುದಕ್ಕೆ ಪೆಹಲಿ ಉಡಾನ್. ಕಾರ್ಡ್ ಇದೆ, ಕನಿಷ್ಠ ಮೊತ್ತದ ಚಿಂತೆ ಇಲ್ಲ, ಮಿತಿಗಳು ವಯಸ್ಸಿಗೆ ತಕ್ಕಂತಿವೆ. ಬ್ಯಾಂಕ್ ದೂರವಿದ್ದು ಅಂಚೆ ಕಚೇರಿ ಹತ್ತಿರವಿರುವ ಹಳ್ಳಿಯವರು ಹಿಂಜರಿಯದೆ ಅಂಚೆಯನ್ನೇ ಆರಿಸಿಕೊಳ್ಳಲಿ. ಕೌಂಟರಿಗೆ ಹೋಗಿ ಫಾರಂ ತುಂಬಿ ತೆಗೆಯಬೇಕಾದ ದುಡ್ಡು ಬೇಗ ಖರ್ಚಾಗುವುದಿಲ್ಲ ಎನ್ನುವುದೂ ಅದರ ಒಂದು ಲಾಭ.

ರಜೆಯ ಪ್ರವಾಸಕ್ಕೆ ಕಾರ್ಡ್ ಕೊಟ್ಟು ಕಳಿಸುವವರು ಎರಡು ವಿಷಯ ಮೊದಲೇ ನೋಡಿಕೊಳ್ಳಿ. ಹೊಸ ಕಾರ್ಡ್ ಬಂದಾಗ ಎಟಿಎಂನಲ್ಲಿ ಮತ್ತು ಅಂಗಡಿಯ ಸ್ವೈಪ್ ಯಂತ್ರದಲ್ಲಿ ಮಾತ್ರ ನಡೆಯುತ್ತದೆ. ಆನ್‌ಲೈನ್ ಬಳಕೆ ಬಂದ್ ಆಗಿರುತ್ತದೆ, ನಾವೇ ಚಾಲೂ ಮಾಡಿಕೊಳ್ಳಬೇಕು. ಹಂಪಿಗೋ ಮಡಿಕೇರಿಗೋ ಕೆಎಸ್‌ಆರ್‌ಟಿಸಿ ಟಿಕೆಟ್ಟನ್ನು ಮಗ ತನ್ನ ಕಾರ್ಡಿನಿಂದಲೇ ಕಾಯ್ದಿರಿಸುವೆ ಎಂದಾಗ ಪಾವತಿ ವಿಫಲವಾಗಲು ಇದೇ ಕಾರಣವಿರಬಹುದು. ಟಿಕೆಟ್ ಆದ ಮೇಲೆ ಮತ್ತೆ ಬಂದ್ ಮಾಡಿಬಿಡಿ. ಎರಡನೆಯದು, ಬೇರೆ ಬ್ಯಾಂಕಿನ ಎಟಿಎಂನಲ್ಲಿ ಉಚಿತ ಮಿತಿ ಮುಗಿದ ಮೇಲೆ ಪ್ರತಿ ಸಲಕ್ಕೆ ₹23ರವರೆಗೆ ಶುಲ್ಕ, ಮೇಲೆ ತೆರಿಗೆ. ₹200, ₹300 ಎಂದು ನಾಲ್ಕು ಸಲ ತೆಗೆಯುವ ಬದಲು ಹೊರಡುವ ಹಿಂದಿನ ದಿನ ಒಮ್ಮೆಗೇ ತೆಗೆಸಿ.

ತೆರಿಗೆ ಬಗ್ಗೆ ಕೇಳುವವರಿಗೆ: ಮಗು ಸ್ವಂತ ದುಡಿಮೆಯಿಂದ, ಸ್ವಂತ ಕೌಶಲದಿಂದ ಗಳಿಸಿದ್ದು ಮಗುವಿನದೇ ಆದಾಯ, ಪೋಷಕರ ಲೆಕ್ಕಕ್ಕೆ ಸೇರದು. ಆದರೆ ಆ ದುಡ್ಡಿಗೆ ಬಂದ ಬಡ್ಡಿ ತಂದೆ ತಾಯಿಯರಲ್ಲಿ ಹೆಚ್ಚು ಆದಾಯ ಇರುವವರ ಲೆಕ್ಕಕ್ಕೆ ಹೋಗುತ್ತದೆ. ಮೊತ್ತ ಸಣ್ಣದಾದರೂ ರಿಟರ್ನ್ ಸಲ್ಲಿಸುವವರು ಬಿಡಬಾರದು.

18 ತುಂಬಿದ ದಿನದ ಮೇಲೊಂದು ಕಣ್ಣಿರಲಿ. ಎರಡೂ ಕಡೆ ಖಾತೆ ತಾನಾಗಿ ವಯಸ್ಕರ ಖಾತೆಯಾಗುವುದಿಲ್ಲ. ಹೊಸ ಫಾರಂ, ಹೊಸ ಸಹಿ, ಹೊಸ ಗುರುತಿನ ದಾಖಲೆ ಕೊಡಬೇಕು. ಅಲ್ಲಿಯವರೆಗೆ ಹಣ ತೆಗೆಯುವುದಕ್ಕೆ ತಡೆ ಬೀಳಬಹುದು. ಹೆಚ್ಚಿನ ಮಕ್ಕಳಿಗೆ 18 ತುಂಬುವುದು ಪಿಯುಸಿ ಮುಗಿಯುವ ಆಸುಪಾಸಿನಲ್ಲಿ, ಅಂದರೆ ಕಾಲೇಜು ಶುಲ್ಕ ಕಟ್ಟುವ ಹೊತ್ತಿಗೆ. ಅಪ್ರಾಪ್ತರ ಪ್ಯಾನ್‌ನಲ್ಲಿ ಫೋಟೋ ಮತ್ತು ಸಹಿ ಇರುವುದಿಲ್ಲ, ಅದನ್ನೂ ಆಗ ತಿದ್ದಿಸಬೇಕು. ಮೊದಲು ಪ್ಯಾನ್, ಆಮೇಲೆ ಖಾತೆ, ಈ ಕ್ರಮದಲ್ಲಿ ಹೋದರೆ ಶಾಖೆಗೆ ಒಂದೇ ಸಲ ಹೋದರೆ ಸಾಕು.