ಉಪ್ಪಳದ ಅಕ್ವೇರಿಯಂ ಅಂಗಡಿ: ಮೊದಲು ಲೈಟು ಆಫ್ ಮಾಡಿಸಿ

ಉಪ್ಪಳ ಪೇಟೆಯ ಒಳದಾರಿಯಲ್ಲಿ ಒಂದು ಸಣ್ಣ ಅಕ್ವೇರಿಯಂ ಅಂಗಡಿ ಉಂಟು. ಒಳಗೆ ಕಾಲಿಟ್ಟರೆ ಗಪ್ಪಿ ಎಂಬ ಪುಟ್ಟ ಮೀನುಗಳೆಲ್ಲ ಕೆಂಡದ ಹಾಗೆ ಕಾಣುತ್ತವೆ. ಅರ್ಧ ಮಹಿಮೆ ಟ್ಯಾಂಕಿನ ಮೇಲಿನ ಗುಲಾಬಿ ಟ್ಯೂಬಿನದ್ದು. ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು, ಸುಮ್ಮನಿರಲಿಕ್ಕಾಗುತ್ತದಾ? ಲೈಟು ಆಫ್ ಮಾಡಿಸಿದೆ. ಉಳಿದ ಕೆಂಪಿನ ಬಗ್ಗೆ ಕೇಳಿದ್ದಕ್ಕೆ ಹುಡುಗ, "ಅದು ಕಲರ್ ಫುಡ್ಡಿನದ್ದು ಟೀಚರೇ, ಮನೆಯಲ್ಲಿ ಬೇರೆ ಹಾಕಿದರೆ ಸ್ವಲ್ಪ ಮಾಸ್ತದೆ" ಅಂದ. ಇಷ್ಟಕ್ಕೇ ನನ್ನಿಂದ ನಾಲ್ಕು ಸ್ಟಾರ್. ಬೇರೊಂದು ಕಡೆ ಇದನ್ನೇ "ಒರಿಜಿನಲ್ ಬಣ್ಣ" ಅಂತ ಮಾರಿದ್ದರು.

ಕೆರೋಟಿನಾಯ್ಡ್ ಎಂಬ ಕೆಂಪು-ಕಿತ್ತಳೆ ಬಣ್ಣವನ್ನು ಮೀನು ತಾನೇ ತಯಾರಿಸಲಾರದು, ತಿಂದೇ ಪಡೆಯಬೇಕು. ತೊರೆಯ ಗಂಡು ಗಪ್ಪಿ ಪಾಚಿ ಮೇಯ್ದು ಕಿತ್ತಳೆ ಬಣ್ಣ ಗಳಿಸುತ್ತದೆ, ಆದ್ದರಿಂದ ಇದು ಚೆನ್ನಾಗಿ ಮೇಯುವ ಗಂಡು ಅಂತ ಹೆಣ್ಣು ಆ ಬಣ್ಣವನ್ನು ನಂಬಬಹುದು. ಇಲ್ಲಿ ಅದು ಡಬ್ಬಿಯಿಂದ ಬಂದದ್ದು. 1990ರಲ್ಲಿ ಮಿಲಿನ್ಸ್ಕಿ ಮತ್ತು ಬಕ್ಕರ್ ಎಂಬ ವಿಜ್ಞಾನಿಗಳು ಸ್ಟಿಕಲ್‌ಬ್ಯಾಕ್ ಮೀನಿನ ಮೇಲೆ ಪ್ರಯೋಗ ಮಾಡಿದ್ದರು. ಆ ಜಾತಿಯಲ್ಲಿ ಮೊಟ್ಟೆ ಕಾಯುವುದು ಕೆಂಪು ಹೊಟ್ಟೆಯ ಗಂಡು. ವೈಟ್ ಸ್ಪಾಟ್ ಎಂಬ ಪರಾವಲಂಬಿ ರೋಗ ತಗಲಿದ ಗಂಡುಗಳ ಕೆಂಪು ಮಂಕಾಯಿತು, ಹೆಣ್ಣುಗಳು ಅವನ್ನು ಬಿಟ್ಟವು. ಹಸಿರು ಬೆಳಕು ಹಾಕಿದರೆ ಕೆಂಪು ತಿಳಿಯದೆ ಆ ಆಯ್ಕೆಯೂ ಹೋಯಿತು. ಗುಲಾಬಿ ಟ್ಯೂಬಿನಡಿ ನಮ್ಮ ಗತಿಯೂ ಅದೇ.

ಗಪ್ಪಿ ಗಂಡಿಗೆ ಮರಿಗಳ ಗೊಡವೆಯೇ ಇಲ್ಲ, ಸಿಕ್ಕಿದರೆ ತಿಂದೂ ಬಿಡುತ್ತದೆ. ನಾನು ತಂದದ್ದು ಮೊಟ್ಟೆ-ಮರಿ ಕಾಯುವ ಗಂಡು ಫೈಟರ್ ಮೀನು, 150 ರೂಪಾಯಿಗೆ. ಬಣ್ಣ ನೋಡಿ ಅಲ್ಲ; ಬಾಟಲಿಯ ಅಂಚಿನಲ್ಲಿ ಸಾಬೂನಿನ ನೊರೆಯಷ್ಟು ದಟ್ಟವಾಗಿ ಗುಳ್ಳೆಗೂಡು ಕಟ್ಟಿದ್ದನ್ನು ನೋಡಿ. ಹೆಣ್ಣು ಮೊಟ್ಟೆ ಬಿಟ್ಟಾಗ ಗಂಡು ಅದು ತಳ ಸೇರುವ ಮೊದಲೇ ಬಾಯಲ್ಲಿ ಹಿಡಿದು, ಒಂದೊಂದಾಗಿ ನೊರೆಗೆ ಉಗುಳುತ್ತದೆ. ಆಮೇಲೆ ಹೆಣ್ಣನ್ನು ಹತ್ತಿರ ಸೇರಿಸುವುದಿಲ್ಲ, ಆಗಲೇ ಅದನ್ನು ಬೇರೆ ಮಾಡಬೇಕು. ಒಂದೆರಡು ದಿನಕ್ಕೆ ಒಡೆದ ಮರಿಗಳು ನೂಲಿನ ತುಂಡಿನ ಹಾಗೆ ತೂಗಾಡುತ್ತವೆ. ಜಾರಿದ್ದನ್ನು ಅಪ್ಪನೇ ಎತ್ತಿ ಮೇಲಿಡುವುದು. ಗೂಡು ಕಟ್ಟಿದ ಮಾತ್ರಕ್ಕೆ ಒಳ್ಳೆಯ ಅಪ್ಪ ಅಂತ ಗ್ಯಾರಂಟಿ ಇಲ್ಲ, ಕೆಲವು ಮೊಟ್ಟೆ ನುಂಗುತ್ತವೆ. ಮರಿಗಳು ಈಜಲು ಸುರುಮಾಡಿದ ಮೇಲೆ ಗಂಡನ್ನೂ ತೆಗೆಯಿರಿ.

ಒಂದು ಸ್ಟಾರ್ ಕಡಿಮೆ ಯಾಕೆಂದರೆ, ಫೈಟರ್ ಬಾಟಲಿಗಳು ತೀರಾ ಚಿಕ್ಕದು, ಗಿಡದ ಜೊತೆ ಬಸವನಹುಳು ಉಚಿತ. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ಬಾಗಿಲು ಹಾಕಿರುತ್ತದೆ.