ರೈಜೋಬಿಯಂ: ಪುಡಿ ಪೊಟ್ಟಣವೋ, ದ್ರವದ ಬಾಟಲಿಯೋ?

ರೈಜೋಬಿಯಂ ಅಂದರೆ ದ್ವಿದಳ ಬೆಳೆಯ ಬೇರಿನ ಗಂಟುಗಳಲ್ಲಿ ನೆಲೆಸಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ; ಬಿತ್ತುವ ಮೊದಲು ಬೀಜಕ್ಕೆ ಹಚ್ಚುತ್ತಾರೆ. ಇದಕ್ಕಿರುವ ಜೈವಿಕ ಗೊಬ್ಬರ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. 200 ಗ್ರಾಂ ಪೊಟ್ಟಣದಲ್ಲಿರುವ ಕಪ್ಪು ಪುಡಿ ಲಿಗ್ನೈಟ್ ಎಂಬ ಕಲ್ಲಿದ್ದಲು; ಅದರ ತೇವದಲ್ಲಿ ಬ್ಯಾಕ್ಟೀರಿಯಾ ಬದುಕಿರುತ್ತವೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿಯಾದರೆ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವವಾದರೆ ಮಿಲಿಲೀಟರ್‌ಗೆ 10 ಕೋಟಿ ಜೀವಕೋಶ ಇರಬೇಕು. ಹಾಗಾಗಿ ಬೆಲೆಗಿಂತ ಮೊದಲು ತಯಾರಾದ ತಾರೀಖು ನೋಡಿ. ಪುಡಿಗೆ ಸುಮಾರು ಆರು ತಿಂಗಳು, ದ್ರವಕ್ಕೆ ಒಂದು ವರ್ಷ ಆಯಸ್ಸು. ಅದೂ ತಂಪಿನಲ್ಲಿಟ್ಟರೆ. ತಗಡಿನ ಮಾಡಿನ ಅಂಗಡಿಯಲ್ಲಿ ಏಪ್ರಿಲ್, ಮೇ ಕಳೆದ ಪುಡಿ ಒಣಗಿ ಉದುರುದುರಾಗಿದ್ದರೆ ಮುಟ್ಟಬೇಡಿ. ಮುಂಗಾರು ಬಿತ್ತನೆಗೆ ನಮ್ಮ ಮತ ದ್ರವಕ್ಕೇ.

ಎರಡನೆಯದು ಬೆಳೆಯ ಹೆಸರು. ಸೋಯಾ, ಕಡಲೆ, ಶೇಂಗಾ ಮೂರಕ್ಕೂ ಒಂದೇ ಪೊಟ್ಟಣ ಸಾಕು ಅಂದರೆ ನಂಬಬೇಡಿ. ಬೇರು ಮಣ್ಣಿಗೆ ಬಿಡುವ ಫ್ಲೇವನಾಯ್ಡ್ ಎಂಬ ರಾಸಾಯನಿಕವನ್ನು ಗುರುತಿಸಿ ಬ್ಯಾಕ್ಟೀರಿಯಾ ತನ್ನದೊಂದು ರಾಸಾಯನಿಕ ಸಂಕೇತ ಕಳಿಸುತ್ತದೆ. ಆ ಮಾತು ಹೊಂದಿದರಷ್ಟೇ ಬೇರುರೋಮ ಸುರುಳಿ ಸುತ್ತಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. (ಶೇಂಗಾದ್ದು ಬೇರೆ ದಾರಿ: ಕವಲುಬೇರು ಒಡೆಯುವ ಕಡೆ ಬಿಡುವ ಸೀಳಿನಿಂದ ಪ್ರವೇಶ.) ಸೋಯಾಕ್ಕೆ ಬ್ರ್ಯಾಡಿರೈಜೋಬಿಯಂ ಜಪಾನಿಕಮ್, ಕಡಲೆಗೆ ಮೀಸೊರೈಜೋಬಿಯಂ ಎಂದು ಚೀಟಿಯ ಮೇಲೆ ಇದ್ದರೆ ಒಳ್ಳೆಯದು.

10 ಕೆಜಿ ಬೀಜಕ್ಕೆ 200 ಗ್ರಾಂ ಪುಡಿ ಲೆಕ್ಕ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಿ. ಬಿಸಿ ಇರುವಾಗಲೇ ಪುಡಿ ಕಲಸಿದರೆ ಅಲ್ಲಿಗೆ ಕಥೆ ಮುಗಿಯಿತು. ಆರಿದ ಈ ಬೆಲ್ಲದ ಅಂಟನ್ನು ಬೀಜಕ್ಕೆ ಚಿಮುಕಿಸಿ, ಪುಡಿ ಉದುರಿಸಿ, ಎಲ್ಲ ಕಾಳಿಗೂ ಕಪ್ಪು ಲೇಪ ಹತ್ತುವ ತನಕ ಹಗುರವಾಗಿ ಹೊರಳಿಸಿ. ಸೋಯಾ, ಶೇಂಗಾ ಬೀಜದ ಸಿಪ್ಪೆ ತೆಳು. ಅಷ್ಟೂ ನೀರು ಸುರಿದು ತಿಕ್ಕಿದರೆ ಸುಲಿದು ಬರುತ್ತದೆ, ಮೊಳಕೆ ಕೆಡುತ್ತದೆ. ನೆರಳಲ್ಲಿ ಗೋಣಿಚೀಲದ ಮೇಲೆ ಅರ್ಧ ಗಂಟೆ ಹರಡಿ, ಅವತ್ತೇ ಬಿತ್ತಿ. ಬೀಜಕ್ಕೆ ಬೇರೆ ಔಷಧಿಯನ್ನೂ ಹಚ್ಚುವುದಿದ್ದರೆ ಶಿಲೀಂಧ್ರನಾಶಕ ಮೊದಲು, ಕೀಟನಾಶಕ ಆಮೇಲೆ, ರೈಜೋಬಿಯಂ ಕೊನೆಗೆ. ತಾಮ್ರದ ಔಷಧಿ ಮಾತ್ರ ಜೊತೆಗೆ ಬೇಡವೇ ಬೇಡ. ದ್ರವದ ಪ್ರಮಾಣ ಚೀಟಿಯಲ್ಲಿದ್ದಂತೆ.

"ಹಾಕಿದೆವು, ಏನೂ ಆಗಲಿಲ್ಲ" ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಯೂರಿಯಾ ಇರುತ್ತದೆ. ಗಾಳಿಯ ಸಾರಜನಕದ ಒಂದು ಅಣು ಒಡೆಯಲು ಕನಿಷ್ಠ 16 ಎಟಿಪಿ (ಜೀವಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣು) ಬೇಕು, ಅಷ್ಟಕ್ಕೂ ಸಕ್ಕರೆ ಕೊಡುವುದು ಗಿಡ. ಯೂರಿಯಾದಿಂದ ಮಣ್ಣಲ್ಲೇ ನೈಟ್ರೇಟ್ ರೂಪದಲ್ಲಿ ಸಾರಜನಕ ಸಿಗುವಾಗ ಗಿಡ ಈ ಖರ್ಚಿಗೆ ಕೈ ಹಾಕುವುದಿಲ್ಲ, ಗಂಟು ಕಟ್ಟುವುದಿಲ್ಲ. ಎಕರೆಗೆ ಒಂದು ಚೀಲ, ಅಂದರೆ 50 ಕೆಜಿ ಡಿಎಪಿ ರಸಗೊಬ್ಬರ ಹಾಕಿದ್ದರೆ ಅದರಲ್ಲೇ 9 ಕೆಜಿ ಸಾರಜನಕ ಬಂತು. ಎಳೆ ಗಿಡಕ್ಕೆ ಅಷ್ಟು ಸಾಕು.

ಫಲಿತಾಂಶ ನೋಡುವುದು ಎಲೆಯ ಬಣ್ಣದಲ್ಲಲ್ಲ. 35–40 ದಿನಕ್ಕೆ ಗಿಡವನ್ನು ಗುದ್ದಲಿಯಿಂದ ಮಣ್ಣುಹೆಂಟೆ ಸಮೇತ ಎತ್ತಿ, ನೀರಲ್ಲಿ ಅದ್ದಿ. ಕೈಯಿಂದ ಕಿತ್ತರೆ ಗಂಟೆಲ್ಲ ಮಣ್ಣಲ್ಲೇ ಉಳಿಯುತ್ತವೆ. ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಹಸಿ ಮಾಂಸದಂಥ ಗುಲಾಬಿ ಕೆಂಪು ಕಂಡರೆ ಕೆಲಸ ನಡೆದಿದೆ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ನೆಂಟ. ಸಾರಜನಕ ಒಡೆಯುವ ಕಿಣ್ವಕ್ಕೆ ಆಮ್ಲಜನಕ ವಿಷ, ಬ್ಯಾಕ್ಟೀರಿಯಾದ ಉಸಿರಾಟಕ್ಕೆ ಅದೇ ಬೇಕು. ಎರಡರ ನಡುವೆ ಇದು ಆಮ್ಲಜನಕವನ್ನು ಅಳೆದು ಕೊಡುತ್ತದೆ. ಒಳಗೆ ಬಿಳಿ ಇದ್ದರೆ ಗಂಟು ಎಳೆಯದು ಅಥವಾ ಸೋಮಾರಿ. ಕಾಯಿ ತುಂಬುವಾಗ ಹಸಿರಾಗುವುದು ಮುಪ್ಪು, ಅದು ಪೊಟ್ಟಣದ ತಪ್ಪಲ್ಲ. ಗಂಟು ಬೆರಳಿಂದ ಬಿಡಿಸಿದರೂ ಬಾರದೆ, ಬೇರೇ ಊದಿಕೊಂಡಂತಿದ್ದರೆ ಅದು ಬೇರಿಗೆ ಹತ್ತಿದ ಜಂತುಹುಳುವಿನ ಬಾಧೆ.

ವರ್ಷಗಟ್ಟಲೆ ತೊಗರಿ, ಹೆಸರು ಬೆಳೆದ ಹೊಲದಲ್ಲಿ ಅವಕ್ಕೆ ಒಗ್ಗಿದ ಬ್ಯಾಕ್ಟೀರಿಯಾ ಮೊದಲೇ ಇರುತ್ತವೆ. ಇಳುವರಿ ದೊಡ್ಡದಾಗಿ ಏರೀತೆಂಬ ಆಸೆ ಬೇಡ. ಮೊದಲ ಸಲ ಸೋಯಾ ಬಿತ್ತುವ ಹೊಲಕ್ಕೆ ಮಾತ್ರ ಇದು ಇಲ್ಲದೆ ಬಿತ್ತಬೇಡಿ.